ಬಲೆಚೀಲದ ಗಾಜಿನ ಗೋಲಿ: ಮಣ್ಣಿಗೊಂದು, ಬೆಳಕಿಗೊಂದು

ಜಾತ್ರೆಯ ಮಳಿಗೆಯಲ್ಲಿ, ಫ್ಯಾನ್ಸಿ ಸ್ಟೋರ್‌ನಲ್ಲಿ ಬಲೆಚೀಲ ಕಟ್ಟಿ ಮಾರುವ ಗೋಲಿಗಳ ಮೇಲೆ ಕಂಪನಿಯ ಹೆಸರು ಇರುವುದು ಅಪರೂಪ. ಹಾಗಾಗಿ ಈ ವಿಮರ್ಶೆ ಯಾವುದೋ ಬ್ರ್ಯಾಂಡಿನದಲ್ಲ, ಗೋಲಿಯದ್ದೇ. ಸಾಮಾನ್ಯವಾಗಿ ಸಿಗುವ 16 ಮಿ.ಮೀ. ಅಡ್ಡಳತೆಯ ಗೋಲಿ ಬೆಳಕನ್ನು ಎಷ್ಟು ಚೆನ್ನಾಗಿ ಬಗ್ಗಿಸುತ್ತದೆ, ಕೊಳ್ಳುವಾಗ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಒಳಗೆ ಬಣ್ಣದ ಎಸಳು ತಿರುಚಿಕೊಂಡಿರುವ ಬೆಕ್ಕಿನ ಕಣ್ಣಿನದು ಎಲ್ಲೆಡೆ ಇದೆ. ಏನೂ ಇಲ್ಲದ ತಿಳಿಗಾಜಿನ ಗೋಲಿ ಆಟಿಕೆ ಅಂಗಡಿಗಿಂತ ಅಕ್ವೇರಿಯಂ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಮೂರನೆಯದರ ಮೈಮೇಲೆ ಮಳೆಗಾಲದ ರಸ್ತೆಯಲ್ಲಿ ಎಣ್ಣೆ ಹರಡಿದಂತೆ ಬಣ್ಣ ಆಡುತ್ತದೆ. ಆ ಬಣ್ಣ ಬರುವುದು ಮೇಲಿನ ತೆಳು ಲೇಪನದಿಂದ. ನೋಟಕ್ಕೆ ಚೆಂದ, ಆದರೆ ಒಳಗೆ ಹೋಗಬೇಕಾದ ಬೆಳಕಿನಲ್ಲಿ ಒಂದಷ್ಟನ್ನು ಅದು ಹೊರಗೇ ತಿರುಗಿಸಿಬಿಡುತ್ತದೆ. ಬೆಳಕಿನಾಟಕ್ಕೆ ನಮ್ಮ ಆಯ್ಕೆ ತಿಳಿಗಾಜಿನದು, ಅದರಲ್ಲಿ ಎರಡನೇ ಮಾತಿಲ್ಲ. ಬೆಕ್ಕಿನ ಕಣ್ಣಿನಲ್ಲಿ ಎಸಳುಗಳು ಸರಿಯಾಗಿ ನಡುವೆಯೇ ನಿಂತು, ಬೆಳಕು ಹಾಯುವ ಮುಖ್ಯ ದಾರಿಯನ್ನೇ ಅಡ್ಡಗಟ್ಟುತ್ತವೆ.

ಮೊದಲ ಪರೀಕ್ಷೆಗೆ ದಿನಪತ್ರಿಕೆಯೊಂದು ಸಾಕು. ಗೋಲಿಯನ್ನು ಅಕ್ಷರದ ಮೇಲಿಟ್ಟು ಒಂದು ಅಡಿ ಮೇಲಿನಿಂದ ನೇರ ಕೆಳಗೆ ನೋಡಿ. ಗೋಲಿ ಕಾಗದಕ್ಕೆ ತಾಗಿರುವ ಜಾಗದಲ್ಲಿ ಅಕ್ಷರ ಸುಮಾರು ಮೂರು ಪಟ್ಟು ದೊಡ್ಡದಾಗಿ, ನೇರವಾಗಿಯೇ ಕಾಣುತ್ತದೆ. ದಕಾರವೋ ಹೊಟ್ಟೆ ಸೀಳಿದ ಧಕಾರವೋ ಎಂದು ಅನುಮಾನ ಹುಟ್ಟಿಸುವ ಸಣ್ಣಚ್ಚು ಇಲ್ಲಿ ಸ್ಪಷ್ಟವಾಗುತ್ತದೆ. ಈಗ ಗೋಲಿಯನ್ನು ಮೆಲ್ಲಗೆ ಮೇಲೆತ್ತಿ. ಅಕ್ಷರ ಊದುತ್ತಾ ಹೋಗಿ, ಸುಮಾರು 4 ಮಿ.ಮೀ. ಎತ್ತರಕ್ಕೆ ಬಂದಾಗ ಕಲಸಿಹೋಗುತ್ತದೆ. ಇನ್ನಷ್ಟು ಎತ್ತಿದರೆ ತಲೆಕೆಳಗಾಗಿ ಮತ್ತೆ ಮೂಡುತ್ತದೆ, ಧಕಾರದ ಸೀಳು ನೆತ್ತಿಗೇರುತ್ತದೆ. ಮಕ್ಕಳು ಇದನ್ನೇ ಹತ್ತಾರು ಸಲ ಮಾಡುತ್ತಾ ಕೂರುತ್ತಾರೆ, ಕೂರಲಿ.

ಆ 4 ಮಿ.ಮೀ. ಎಲ್ಲಿಂದ ಬಂತು? ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದರ ಅಳತೆ, ಸುಮಾರು 1.52. ಅಂಥ ಗಾಜಿನ 16 ಮಿ.ಮೀ. ಗುಂಡು ದೂರದಿಂದ ಬಂದ ಬೆಳಕನ್ನು ತನ್ನ ನಡುಬಿಂದುವಿನಿಂದ 11.7 ಮಿ.ಮೀ. ದೂರದಲ್ಲಿ, ಅಂದರೆ ಮೈಯಿಂದ 3.7 ಮಿ.ಮೀ. ಆಚೆ ಕೂಡಿಸುತ್ತದೆ. ಅಕ್ಷರ ಈ ಗಡಿಯ ಒಳಗಿದ್ದರೆ ನೇರ, ದಾಟಿದರೆ ತಲೆಕೆಳಗು. 25 ಮಿ.ಮೀ.ಯ ದೊಡ್ಡ ಗೋಲಿಯಲ್ಲಿ ಈ ಅಂತರ 5.8 ಮಿ.ಮೀ.ಗೆ ಏರುತ್ತದೆ. ಕೈ ನಿಲ್ಲದ ಚಿಕ್ಕ ಮಕ್ಕಳಿಗೆ ದೊಡ್ಡದೇ ವಾಸಿ.

ಕಿಟಕಿಯ ಚಿತ್ರ ಮೂಡಿಸುವುದು ಇನ್ನೂ ಸೊಗಸು. ಕೋಣೆ ಕತ್ತಲು ಮಾಡಿ ಒಂದು ಕಿಟಕಿ ಮಾತ್ರ ತೆರೆದಿಡಿ. ಎರಡು ಮೀಟರ್ ದೂರದಲ್ಲಿ ಗೋಲಿ ಹಿಡಿದು, ಅದರ ಹಿಂದೆ 4 ಮಿ.ಮೀ. ಬಿಟ್ಟು ಬಟರ್ ಪೇಪರ್ ಒಡ್ಡಿ. ಒಂದು ಮೀಟರ್ ಎತ್ತರದ ಕಿಟಕಿ ಸುಮಾರು 6 ಮಿ.ಮೀ. ಎತ್ತರದ ಬುಡಮೇಲು ಕಿಟಕಿಯಾಗಿ, ಸರಳುಗಳ ಸಮೇತ ಕಾಗದದ ಮೇಲೆ ಇಳಿಯುತ್ತದೆ. ಅಂಚು ಮಸುಕಾದರೆ ತಪ್ಪು ನಿಮ್ಮ ಕೈಯದಲ್ಲ. ಗೋಳದ ಅಂಚಿನಲ್ಲಿ ಹಾಯುವ ಕಿರಣಗಳು ನಡುವಿನವುಗಳಿಗಿಂತ ಮೊದಲೇ ಕೂಡಿಬಿಡುತ್ತವೆ. ಕಪ್ಪು ಕಾಗದಕ್ಕೆ 4 ಮಿ.ಮೀ. ತೂತು ಕೊರೆದು ಗೋಲಿಯ ಮುಂದೆ ಅಂಟಿಸಿದರೆ ಅಂಚಿನ ಕಿರಣಗಳು ನಿಂತುಹೋಗಿ ಚಿತ್ರ ಗೆರೆ ಕೊರೆದಂತೆ ಬರುತ್ತದೆ. ಬೆಳಕು ಮಾತ್ರ ಬಹಳ ಕಡಿಮೆಯಾಗುತ್ತದೆ.

ಗಾಜಿನ ಒಳಗಿನ ದೋಷ ಹುಡುಕಲು ಅಡುಗೆಮನೆಯ ಕಡಲೆಕಾಯಿ ಎಣ್ಣೆಗಿಂತ ಒಳ್ಳೆಯ ಸಾಧನವಿಲ್ಲ. ಎಣ್ಣೆಯ ಸೂಚ್ಯಂಕ ಸುಮಾರು 1.47, ಗಾಜಿಗೆ ತೀರಾ ಹತ್ತಿರ. ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ತಿಳಿಗೋಲಿ ಮುಳುಗಿಸಿದರೆ ಬೆಳಕಿಗೆ ಬಗ್ಗಲು ಹೆಚ್ಚು ಕಾರಣವೇ ಉಳಿಯದೆ ಗೋಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಕಣ್ಣಿಗೆ ಉಳಿಯುವುದು ಗಾಳಿಗುಳ್ಳೆ, ಒಳಬಿರುಕು, ಬೆಕ್ಕಿನ ಕಣ್ಣಾದರೆ ತೇಲುವ ಬಣ್ಣದ ಎಸಳು. ನಡುವೆ ಗುಳ್ಳೆಯಿದ್ದ ಗೋಲಿಯನ್ನು ಬೆಳಕಿನಾಟಕ್ಕೆ ಎತ್ತಿಟ್ಟ ಗುಂಪಿನಿಂದ ತೆಗೆದುಬಿಡಿ. ನೀರಿನಲ್ಲಿ ಮುಳುಗಿಸಿದರೆ ಗೋಲಿ ಮಾಯವಾಗುವುದಿಲ್ಲ, ಬೆಳಕು ಬಗ್ಗಿಸುವ ಶಕ್ತಿ ಕುಂದುತ್ತದೆ: ಮೈಯಿಂದ ಬೆಳಕು ಕೂಡುವ ಜಾಗಕ್ಕೆ 3.7 ಮಿ.ಮೀ. ಇದ್ದ ದೂರ ಸುಮಾರು 24 ಮಿ.ಮೀ. ಆಗುತ್ತದೆ.

ದುಂಡಗಿದೆಯೇ ಎಂದು ನೋಡಲು ಸ್ಟೀಲ್ ತಟ್ಟೆಯ ಬದಲು ಒಂದು ತುಂಡು ಗಾಜನ್ನು ಸ್ವಲ್ಪ ಓರೆಯಾಗಿಟ್ಟು ಉರುಳಿಸಿ. ಸರಿಯಾದದ್ದು ನೇರ ಇಳಿಯುತ್ತದೆ, ಮೊಟ್ಟೆಯಾಕಾರದ್ದು ವಾಲಾಡುತ್ತದೆ. ಅಡ್ಡಳತೆ ತೆಗೆಯುವ ಕ್ಯಾಲಿಪರ್ ಇದ್ದರೆ ಮೂರು ದಿಕ್ಕಿನಲ್ಲಿ ಅಳೆಯಿರಿ. ಕೆಲವು ಗೋಲಿಗಳ ಮೈಮೇಲೆ ಮಡಿಕೆಯಂಥ ಸಣ್ಣ ಗುರುತಿರುತ್ತದೆ. ಕಾರ್ಖಾನೆಯಲ್ಲಿ ಕರಗಿದ ಗಾಜನ್ನು ತುಂಡುತುಂಡಾಗಿ ಕತ್ತರಿಸಿ, ತೋಡು ಕೊರೆದ ತಿರುಗುವ ರೋಲರ್‌ಗಳ ಮೇಲೆ ಬೀಳಿಸಿ ಉರುಳಿಸುತ್ತಲೇ ತಣಿಸುತ್ತಾರೆ. ಕತ್ತರಿ ಬಿದ್ದ ಜಾಗ ಪೂರ್ತಿ ಕರಗಿ ಕೂಡದಿದ್ದರೆ ಆ ಗುರುತು ಉಳಿಯುತ್ತದೆ. ಆಟಕ್ಕೆ ತೊಂದರೆಯಿಲ್ಲ. ಬೆಳಕಿಗಾದರೆ ಗುರುತನ್ನು ಪಕ್ಕಕ್ಕೆ ತಿರುಗಿಸಿ ಹಿಡಿದರೆ ಸಾಕು. ತಿಳಿಗಾಜು ಬಿಳಿ ಕಾಗದದ ಮೇಲೆ ತುಸು ಹಸಿರಾಗಿ ಕಂಡರೆ ಅದು ಮರಳಿನಲ್ಲಿದ್ದ ಕಬ್ಬಿಣದ ಅಂಶ, ದೋಷವೆಂದು ಎಣಿಸಬೇಕಿಲ್ಲ.

ಗೋಲಿಯನ್ನು ನಿಜವಾಗಿ ಕೆಡಿಸುವುದು ಅಂಗಳ. ಗಾಜಿಗಿಂತ ಮರಳಿನ ಕಣ ಗಟ್ಟಿ. ಗುಳಿಯಾಟದಲ್ಲಿ ಉರುಳಿದಷ್ಟೂ ಮೈಮೇಲೆ ಗೀರು ಕೂರುತ್ತದೆ, ಗೋಲಿಗೆ ಗೋಲಿ ಹೊಡೆದಲ್ಲಿ ಅರ್ಧಚಂದ್ರದಂಥ ಸಣ್ಣ ಬಿರುಕು ಬೀಳುತ್ತದೆ. ಪ್ರತಿ ಗೀರೂ ಬೆಳಕನ್ನು ಚೆದುರಿಸುತ್ತದೆ, ಕಿಟಕಿಯ ಚಿತ್ರ ಹಾಲು ಚೆಲ್ಲಿದಂತಾಗುತ್ತದೆ. ಅದಕ್ಕೇ ಎರಡು ಗುಂಪು ಬೇಕು: ಬೆಕ್ಕಿನ ಕಣ್ಣಿನದು ಮಣ್ಣಿಗೆ, ತಿಳಿಗಾಜಿನದು ಬೆಳಕಿಗೆ. ಎಣ್ಣೆ ಪರೀಕ್ಷೆ ಮುಗಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು ಹತ್ತಿಬಟ್ಟೆಯಲ್ಲಿ ಒರೆಸಿ. ಪಾತ್ರೆ ಉಜ್ಜುವ ಪುಡಿ, ಸ್ಟೀಲ್ ನಾರು ಮುಟ್ಟಿಸಲೇಬೇಡಿ.

ಕಾಮನಬಿಲ್ಲಿನ ವಿಷಯದಲ್ಲಿ ನಿರೀಕ್ಷೆ ತುಸು ಇಳಿಸಿಕೊಳ್ಳಿ. ಮಳೆಹನಿಯ ಬಿಲ್ಲು ಸೂರ್ಯನ ಎದುರುಬಿಂದುವಿನಿಂದ, ಅಂದರೆ ನಿಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ, ಸುಮಾರು 42 ಡಿಗ್ರಿಯಲ್ಲಿದ್ದರೆ, ಗಾಜು ಹೆಚ್ಚು ಬಗ್ಗಿಸುವುದರಿಂದ ಗೋಲಿಯದು ಸುಮಾರು 21 ಡಿಗ್ರಿಯಲ್ಲಿ ಬರುತ್ತದೆ. ಸೂರ್ಯನಿಗೆ ಬೆನ್ನು ಮಾಡಿ, ಗೋಲಿಯನ್ನು ನಿಮ್ಮ ತಲೆಯ ನೆರಳಿನ ಬಳಿ ಹಿಡಿದು ಮೆಲ್ಲನೆ ಪಕ್ಕಕ್ಕೆ ಸರಿಸುತ್ತಾ ಹೋದರೆ ಅಂಚಿನ ಹತ್ತಿರ ಕೆಂಪು, ಹಸಿರು, ನೇರಳೆಯ ಚುಕ್ಕೆ ಮಿಂಚುತ್ತದೆ. ಪೂರ್ತಿ ಬಿಲ್ಲು ಒಂದು ಗೋಲಿಯಿಂದ ಬರುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಹಗುರವಾಗಿ ಕಾಣಬಾರದು. ಗೋಲಿಯ ಮೂಲಕ ಸೂರ್ಯನನ್ನು ಎಂದೂ ನೋಡಬೇಡಿ. ಬಿಸಿಲು ಬೀಳುವ ಕಿಟಕಿಕಟ್ಟೆಯಲ್ಲಿ ಗೋಲಿ ಬಿಡಲೂಬೇಡಿ. ಹವಾಮಾನ ಕೇಂದ್ರಗಳ ಕ್ಯಾಂಪ್‌ಬೆಲ್–ಸ್ಟೋಕ್ಸ್ ಬಿಸಿಲುಮಾಪಕ ಸುಮಾರು 10 ಸೆಂ.ಮೀ.ಯ ಗಾಜಿನ ಗುಂಡಿನಿಂದಲೇ ರಟ್ಟಿನ ಮೇಲೆ ಸುಟ್ಟ ಗೆರೆ ಎಳೆದು ದಿನದ ಬಿಸಿಲನ್ನು ದಾಖಲಿಸುತ್ತದೆ. ಅದೇ ಗುಣ ಸಣ್ಣ ಪ್ರಮಾಣದಲ್ಲಿ ಗೋಲಿಗೂ ಇದೆ. ಇನ್ನು, 16 ಮಿ.ಮೀ. ಎಂದರೆ ಪುಟ್ಟ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ. ಮೂರು ವರ್ಷದೊಳಗಿನವರಿರುವ ಮನೆಯಲ್ಲಿ ಎಣಿಸಿ ಕೊಡಿ, ಎಣಿಸಿ ತೆಗೆದಿಡಿ. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆಟಿಕೆಯೆಂದು ಕೊಳ್ಳುವಾಗ ಚೀಲದ ಮೇಲೆ ಅದನ್ನು ಹುಡುಕಿ.

ಚೀಲದಲ್ಲಿ ಹೇಳಿದಷ್ಟು ಇದೆಯೇ ಎಂದು ಎಣಿಸುತ್ತಾ ಕೂರಬೇಕಿಲ್ಲ. 16 ಮಿ.ಮೀ.ಯ ಒಂದು ಗೋಲಿ ಸುಮಾರು 5.4 ಗ್ರಾಂ ತೂಗುತ್ತದೆ, ನೂರಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು. ಬೆಳಕಿಗೆ ಹತ್ತು ತಿಳಿಗೋಲಿ ಕೊಂಡು, ಪರೀಕ್ಷೆಯಲ್ಲಿ ಗೆದ್ದವನ್ನು ಒಂದಕ್ಕೊಂದು ತಾಗದಂತೆ ಹಳೆಯ ಪಂಚೆಯ ತುಂಡಿನಲ್ಲಿ ಬೇರೆಬೇರೆ ಸುತ್ತಿಡಿ. ಉಳಿದವು ಅಂಗಳಕ್ಕೆ.