ಕಾನ್‌ಸ್ಟಾಂಟ್ಸಾಕ್ಕೆ ಹಡಗು ಹೋದರೆ ಆ ಕ್ಯಾಸಿನೊ ನೋಡಿ ಬನ್ನಿ

ಕಾರವಾರ, ಅಂಕೋಲಾ ಕಡೆಯಿಂದ ಹಡಗಿನ ಕೆಲಸಕ್ಕೆ ಹೋಗುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೊಮೇನಿಯಾದ ಕಾನ್‌ಸ್ಟಾಂಟ್ಸಾ ಬಂದರಿನಲ್ಲಿ ಗೋಧಿಯೋ ಗೋವಿನಜೋಳವೋ ತುಂಬಿಸಲು ಹಡಗು ನಿಂತರೆ, ಶೋರ್ ಪಾಸ್ (ಹಡಗಿನಿಂದ ಇಳಿದು ಊರಿಗೆ ಹೋಗುವ ಅನುಮತಿ ಚೀಟಿ) ಕೈಗೆ ಬಂದ ಕೂಡಲೇ ಮಾಲ್ ಹುಡುಕಬೇಡಿ. ಹಳೆ ಊರಿನ ಕಡಲ ದಂಡೆಗೆ ಹೋಗಿ.

ಅಲ್ಲಿ ಕಪ್ಪು ಸಮುದ್ರದ ಅಂಚಿನಲ್ಲೇ ಒಂದು ಬಿಳಿ ಕಟ್ಟಡವಿದೆ. ಬಳಚಿನ ಚಿಪ್ಪಿನಂಥ ದೊಡ್ಡ ಕಿಟಕಿ ದೂರದಿಂದಲೇ ಕಾಣುತ್ತದೆ. ಡೇನಿಯಲ್ ರೆನಾರ್ ವಿನ್ಯಾಸ ಮಾಡಿದ ಈ ಕ್ಯಾಸಿನೊ ಶುರುವಾಗಿದ್ದು 1910ರಲ್ಲಿ. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯಾಯಿತು, ದಾಳಿಗೂ ಸಿಕ್ಕಿತು. ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ರೆಸ್ಟೋರೆಂಟ್ ಆಯಿತು. 1990ರಲ್ಲಿ ಮುಚ್ಚಿದ ಮೇಲೆ ಪಾಳು ಬಿತ್ತು. 2018ರಲ್ಲಿ ಹಳೆ ಕಟ್ಟಡ, ಸ್ಮಾರಕ ಉಳಿಸಲು ದುಡಿಯುವ ಯುರೋಪಾ ನೋಸ್ಟ್ರಾ ಸಂಸ್ಥೆ ಯುರೋಪಿನ ಅತಿ ಅಪಾಯದಲ್ಲಿರುವ 7 ತಾಣಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತ್ತು. 2020ರಲ್ಲಿ ದುರಸ್ತಿ ಶುರುವಾಗಿ, 2025ರ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು.

ನಾನು ಬೋಸನ್, ಅಂದರೆ ಹಡಗಿನ ಡೆಕ್ ಕೆಲಸಗಾರರ ಮೇಸ್ತ್ರಿ. ತುಕ್ಕು ಕೆರೆಸಿ ಬಣ್ಣ ಹೊಡೆಸುವುದೇ ನನ್ನ ಕೆಲಸದಲ್ಲಿ ಜಾಸ್ತಿ. ಹಾಗಾಗಿ ಉಳಿದವರು ತೂಗುದೀಪ ನೋಡುತ್ತಿದ್ದರೆ ನನ್ನ ಕಣ್ಣು ಕಿಟಕಿ ಚೌಕಟ್ಟಿನ ಮೂಲೆಗೆ, ಕಬ್ಬಿಣ ಗಾರೆಗೆ ಸೇರುವ ಜಾಗಕ್ಕೆ ಹೋಗುತ್ತಿತ್ತು. ಕಪ್ಪು ಸಮುದ್ರದ ಮೇಲಿನ ನೀರಲ್ಲಿ ಕಿಲೋಗೆ 18 ಗ್ರಾಂನಷ್ಟು ಉಪ್ಪು. ನಮ್ಮ ಅರಬ್ಬಿ ಸಮುದ್ರದಲ್ಲಿ ಅದರ ಎರಡು ಪಟ್ಟು. ಅಷ್ಟು ಕಮ್ಮಿ ಉಪ್ಪೂ ಕಟ್ಟಡವನ್ನು ಬಿಡುವುದಿಲ್ಲ. ಉಪ್ಪಿನ ತೇವ ಬಿರುಕಿನಲ್ಲಿ ಇಳಿದು ಕಬ್ಬಿಣಕ್ಕೆ ತಾಗುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಗೋಡೆಯನ್ನೇ ಸೀಳುತ್ತದೆ. ಅಲ್ಲಿ ಚಳಿಗಾಲದಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ ಇನ್ನಷ್ಟು ಒಡೆಯುತ್ತದೆ. ಕಾರವಾರದ ಟಾಗೋರ್ ಕಡಲ ತೀರದಲ್ಲಿ ಪ್ರದರ್ಶನಕ್ಕಿಟ್ಟ ಚಪಲ್ ಯುದ್ಧನೌಕೆ ನೋಡುತ್ತ ಬೆಳೆದ ನಮ್ಮೂರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಮೇಲೆ ಬಣ್ಣ ಬಳಿದರೆ ಎರಡು ಮಳೆಗಾಲ ತಡೆಯುವುದೂ ಕಷ್ಟ.

ಇಲ್ಲಿ ಹಾಗೆ ಬಳಿದಂತೆ ಕಾಣಲಿಲ್ಲ. ಚೌಕಟ್ಟುಗಳ ಅಂಚು ನೇರವಾಗಿದೆ. ಮೆಟ್ಟಿಲ ಕಟಾಂಜನದ ಬಳ್ಳಿ ಕೆತ್ತನೆಯ ಸಂದಿಯಲ್ಲೂ ಬಣ್ಣ ಒಂದೇ ಸಮ. ಆ ಸಂದಿಗೆ ಬ್ರಶ್ ಹೋಗಬೇಕಾದರೆ ಕೆಲಸಗಾರನಿಗೆ ಎಷ್ಟು ತಾಳ್ಮೆ ಬೇಕು ಅಂತ ನನಗೆ ಗೊತ್ತು. ಬಣ್ಣದ ಗಾಜಿನಿಂದ ಬೆಳಕು ಬೀಳುವಾಗ ಸುಮ್ನೆ ನಿಂತುಬಿಟ್ಟೆ.

ಜೊತೆಗೆ ಬಂದಿದ್ದ ಹಾರವಾಡದ ಹುಡುಗ ಕೇಳಿದ, "ಅಣ್ಣಾ, ಇಷ್ಟೆಲ್ಲ ದುಡ್ಡು ಹಾಕಿ ಮತ್ತೆ ಜೂಜಿಗೆ ಕೊಡಲಿಲ್ವಾ?" ಕೊಡಲಿಲ್ಲ. ಈಗ ಅಲ್ಲಿ ಸಂಗೀತ, ಪ್ರದರ್ಶನ. ಮೊದಲು ದುಡ್ಡಿದ್ದವರು ಪಣ ಕಟ್ಟುತ್ತಿದ್ದ ಕಟ್ಟಡಕ್ಕೆ ಈಗ ಶಾಲೆ ಮಕ್ಕಳು ಸಾಲಾಗಿ ಬರುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಒಳಗೆ ಸಿಕ್ಕ ವಯಸ್ಸಾದ ಅಮ್ಮ ಒಬ್ಬರು ಮೊಬೈಲಿನ ಅನುವಾದದ ಸಹಾಯದಿಂದ ಹೇಳಿದರು, ಇಲ್ಲಿ ರೆಸ್ಟೋರೆಂಟ್ ಇದ್ದಾಗ ತಂಗಿಯ ಮದುವೆ ಊಟ ಮಾಡಿದ್ದರಂತೆ. ಎಲ್ಲೆಲ್ಲಿ ಮೇಜು ಇತ್ತು ಅಂತ ಕೈ ಹಿಡಿದು ನಡೆಸಿ ತೋರಿಸಿದರು.

ಒಂದು ಮಾತು ಮಾತ್ರ ಹೇಳಬೇಕು. ನಾನು ನೋಡಿದ ಕೋಣೆಗಳೆಲ್ಲ ತೀರಾ ಹೊಸದು ಅನ್ನಿಸಿದವು. ಪಾಳು ಬಿದ್ದಾಗಿನ ಒಂದು ತುಂಡು ಗೋಡೆಯನ್ನಾದರೂ ಹಾಗೇ ಕಣ್ಣೆದುರು ಇಟ್ಟಿದ್ದರೆ, ಎಂಥದ್ದನ್ನು ಉಳಿಸಿದ್ದಾರೆ ಅಂತ ಮಕ್ಕಳಿಗೂ ತಿಳಿಯುತ್ತಿತ್ತು. ಮತ್ತೆ, ಕೆಲಸ ಮುಗಿಯಿತು ಅಂತ ಯಾರೂ ಅಂದುಕೊಳ್ಳಬಾರದು. ಕಡಲ ಪಕ್ಕದ ಕಟ್ಟಡಕ್ಕೆ ವರ್ಷ ವರ್ಷ ಕೈ ತಾಗಬೇಕು. ಹತ್ತು ವರ್ಷ ಬಿಟ್ಟು ಆ ಕಟಾಂಜನವನ್ನು ಇನ್ನೊಮ್ಮೆ ನೋಡುವ ಆಸೆ ನನಗಿದೆ.

ಅರ್ಧ ದಿನ ಇಟ್ಟುಕೊಂಡು ಹೋಗಿ. ಗಾಳಿ ಜೋರಿರುತ್ತದೆ, ಜಾಕೆಟ್ ಇರಲಿ. ಒಳಗೆ ನೋಡಿ ಆದ ಮೇಲೆ ದಂಡೆಯ ಮೇಲೆ ಸ್ವಲ್ಪ ನಡೆದರೆ ಇಟಲಿಯ ಜಿನೋವಾ ಊರಿನವರ ಹೆಸರಿನ ಹಳೆ ದೀಪಸ್ತಂಭವಿದೆ. ಚಿಕ್ಕದು, ಕಾರವಾರದ ಎದುರಿನ ದೇವಗಡದ ದೀಪಸ್ತಂಭದ ಕಾಲದ್ದೇ. ಕಾಲಲ್ಲಿ ಬಲ ಉಳಿದಿದ್ದರೆ ಪೇಟೆ ಒಳಗಿನ, ಪ್ರಾಚೀನ ರೋಮಿನ ಓವಿಡ್ ಕವಿಯ ಪ್ರತಿಮೆಯನ್ನೂ ನೋಡಿ, ಅಲ್ಲಿಂದ ಬಂದರಿನ ಗೇಟ್ ದೂರವಿಲ್ಲ.