15 ಬಗೆಯೋ, ಒಂದೇ ಬಗೆಯ 5 ಪೀಸೋ: ದಾವಣಗೆರೆಯಲ್ಲಿ ಕೂತು ಮಾಡಿದ ಸಿಗಾರ್ ಹೋಲಿಕೆ

ಒಂದೇ ದುಡ್ಡು, ಎರಡು ಖರೀದಿ. ಮೊದಲ ಸಲ 7,500 ರೂಪಾಯಿಗೆ 15 ಬಗೆಯ 15 ಸಿಗಾರ್ ತಂದೆ. ಎರಡನೇ ಸಲ ಅದೇ 7,500ಕ್ಕೆ ಒಂದೇ ಬಗೆಯ 5 ತಂದೆ. ಅಂದರೆ ಒಂದು ಕಡೆ ಪೀಸಿಗೆ 500, ಇನ್ನೊಂದು ಕಡೆ 1,500. ಎರಡೂ ಬೆಂಗಳೂರಿನಿಂದ ತಂದದ್ದು. ನಮ್ಮೂರಲ್ಲಿ ಕೈಯಲ್ಲಿ ಸುತ್ತಿದ ಸಿಗಾರನ್ನು ಹದವಾಗಿ ಇಟ್ಟು ಮಾರುವ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಸುಮಾರು 260 ಕಿಲೋಮೀಟರ್ ಬಸ್ಸಿನಲ್ಲಿ ಹೊತ್ತು ತರುವಾಗ, ಬ್ಯಾಗಿನಲ್ಲಿರುವ ಒಂದೊಂದು ಪೀಸೂ ಲೆಕ್ಕಕ್ಕೆ ಬರುತ್ತೆ ಅಲ್ವಾ?

ವಾರಕ್ಕೆ ಒಂದೇ ಒಂದು. ಭಾನುವಾರ ಸಂಜೆ, ವಿದ್ಯಾನಗರದ ಮನೆಯ ಮಹಡಿ ಮೇಲೆ. ಸೇದಿದ ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆದಿದ್ದೇನೆ.

ಮೊದಲೇ ಒಂದು ಮಾತು. ಸಿಗಾರಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಹಿಡಿದು ಬಿಡುವುದು. ಹಾಗಂತ ಅಪಾಯ ಇಲ್ಲ ಅಂತ ತಿಳಿಯಬೇಡಿ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ, ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಭಯ ಇದಕ್ಕೂ ಇದ್ದೇ ಇದೆ. ಸೇದದವರು ಇದನ್ನು ಓದಿ ಶುರು ಮಾಡಬೇಡಿ. 21 ತುಂಬದವರಿಗೆ ನಮ್ಮ ರಾಜ್ಯದಲ್ಲಿ ಮಾರುವ ಹಾಗೂ ಇಲ್ಲ. ಈಗಾಗಲೇ ಸೇದುವವರು, ಇರುವ ದುಡ್ಡನ್ನು ಬಗೆಬಗೆಗೆ ಹಾಕಲೋ ಒಳ್ಳೆಯದಕ್ಕೆ ಹಾಕಲೋ ಅಂತ ಕೇಳುತ್ತಿರುತ್ತಾರಲ್ಲ, ಅವರಿಗಾಗಿ ಬರೆಯುತ್ತಿದ್ದೇನೆ.

ಆ 15ರ ಖುಷಿ ಸಣ್ಣದೇನಲ್ಲ. ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ರಿಪಬ್ಲಿಕ್, ಎರಡು ನಮ್ಮ ದೇಶದ್ದೇ. ಹೊದಿಕೆ, ಅಂದರೆ ಹೊರಗೆ ಸುತ್ತುವ ಎಲೆ, ಗೋಧಿ ಬಣ್ಣದ ಕನೆಕ್ಟಿಕಟ್‌ನಿಂದ ಹಿಡಿದು ಗಟ್ಟಿ ಡಿಕಾಕ್ಷನ್ ಬಣ್ಣದ ಮದುರೊ ತನಕ. ಮೇಜಿನ ಮೇಲೆ ಸಾಲಾಗಿ ಜೋಡಿಸಿದಾಗ ಯಾವುದನ್ನು ಮೊದಲು ಎತ್ತಿಕೊಳ್ಳುವುದು ಅಂತಲೇ ಅರ್ಧ ಗಂಟೆ ಕಳೆದೆ. ಬಗೆಬಗೆಯದು ಕೊಳ್ಳುವವರಿಗೆ ಸಿಗುವ ಸುಖ ಇದೇ, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೆ ಕೊನೆಗೆ ನೋಟ್‌ಬುಕ್ ತೆರೆದು ಎಣಿಸಿದರೆ ಲೆಕ್ಕ ಹೀಗಿತ್ತು. 4 ಪೀಸಿನಲ್ಲಿ ಎಳೆತವೇ ಇಲ್ಲ, ಕೆನ್ನೆ ನೋಯುವ ತನಕ ಎಳೆದರೂ ಹೊಗೆ ಬಾಯಿ ತುಂಬದು. 3 ಒಂದೇ ಬದಿಗೆ ಉರಿದು ದೋಣಿ ಥರ ಆದವು. 2ಕ್ಕೆ ಹುಳ ಬಿತ್ತು. 4 ಪರವಾಗಿಲ್ಲ. ಉಳಿದ 2 ನಿಜವಾಗಲೂ ಚೆನ್ನಾಗಿದ್ದವು.

ಹುಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಕಡೆಯ ಬೇಸಿಗೆಗೂ ಅದಕ್ಕೂ ನೇರ ಸಂಬಂಧ ಇದೆ. ಏಪ್ರಿಲ್ ತಿಂಗಳು. ಒಂದು ಸಿಗಾರಿನ ಹೊದಿಕೆ ಮೇಲೆ ಗುಂಡುಸೂಜಿ ಚುಚ್ಚಿದ ಹಾಗೆ ದುಂಡನೆಯ ತೂತು ಕಂಡಿತು. ಬಿಳಿ ಹಾಳೆ ಮೇಲೆ ಮೆಲ್ಲಗೆ ತಟ್ಟಿದೆ. ನಶ್ಯದಷ್ಟು ನಯವಾದ ಕಂದು ಪುಡಿ ಬಿತ್ತು, ಅದರ ಜೊತೆ ಎಳ್ಳಿಗಿಂತ ಚಿಕ್ಕದೊಂದು ಕೆಂಪು ಕಂದು ಹುಳ. ಮನೆಯಲ್ಲಿ ಹಳೇ ಅರಿಶಿನದ ಕೊಂಬಿಗೆ, ಒಣಮೆಣಸಿನಕಾಯಿಗೆ ಬೀಳುವ ಹುಳ ನೋಡಿದ್ದೀರಲ್ಲ, ಅದೇ ಇದು. ಮೊಟ್ಟೆ ಎಲೆಯ ಜೊತೆಯಲ್ಲೇ ಬಂದಿರುತ್ತದೆ. ತಂಪಿದ್ದರೆ ಸುಮ್ನೆ ಇರುತ್ತದೆ, 25 ಡಿಗ್ರಿ ದಾಟಿ ಬಿಸಿ ಏರಿದರೆ ಒಡೆಯುತ್ತದೆ. ನಮ್ಮಲ್ಲಿ ಏಪ್ರಿಲ್ ಅಂದರೆ ಮನೆಯೊಳಗೇ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತೆ. ಒಳ್ಳೆ ತಯಾರಕರು ಹೊರಗೆ ಕಳಿಸುವ ಮೊದಲೇ ಸಿಗಾರನ್ನು ಆಳವಾಗಿ ಫ್ರೀಜ್ ಮಾಡಿ ಮೊಟ್ಟೆ ಸಾಯಿಸುತ್ತಾರೆ. 15 ಕಡೆಯ 15 ಪೀಸ್ ಒಂದೇ ಡಬ್ಬಿಯಲ್ಲಿಟ್ಟಾಗ ಯಾವುದರದ್ದು ಮೊಟ್ಟೆ ಸತ್ತಿದೆ, ಯಾವುದರದ್ದು ಬದುಕಿದೆ ಅಂತ ಹೇಗೆ ಗೊತ್ತಾಗಬೇಕು? ಒಂದರ ಹುಳ ಪಕ್ಕದ್ದನ್ನೂ ತಿಂದಿತ್ತು. ಈಗ ಏನೇ ತಂದರೂ ಜಿಪ್ ಕವರಿನಲ್ಲಿ ಹಾಕಿ ಒಂದು ದಿನ ಫ್ರಿಜ್ಜು, ಮೂರು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್ಜು, ಆಮೇಲೆ ಹೊರಗೆ. ಸೀದಾ ಫ್ರೀಜರಿನಿಂದ ಬಿಸಿಲೂರಿನ ಗಾಳಿಗೆ ತೆಗೆದರೆ ಹೊದಿಕೆ ಬಿರಿಯುತ್ತದೆ.

ಇನ್ನು ಆ ಚೆನ್ನಾಗಿದ್ದ 2. ನನಗೆ ನಿಜವಾದ ಪಾಠ ಆದದ್ದು ಕೆಟ್ಟವುಗಳಿಂದಲ್ಲ, ಇವುಗಳಿಂದ. ಅವುಗಳಲ್ಲಿ ಒಂದನ್ನು ಮುಂದಿನ ಸಲ ಹೋದಾಗ ಹುಡುಕಿ ಮತ್ತೆ ಎರಡು ತಂದೆ. ಒಂದು ಮೊದಲಿನ ಹಾಗೇ ಇತ್ತು: ಹುರಿದ ಶೇಂಗಾ, ಆಮೇಲೆ ಸ್ವಲ್ಪ ಕೋಕೋ. ಇನ್ನೊಂದು ಬರೀ ಕಹಿ, ಜೊತೆಗೆ ಮೂಗಿಗೆ ಹೊಡೆಯುವ ಅಮೋನಿಯಾ ಘಾಟು. ಅಂದರೆ ಎಲೆ ಸರಿಯಾಗಿ ಹುದುಗಿಲ್ಲ. ಹಾಗಾದರೆ ನಾನು ಮೊದಲು ಮೆಚ್ಚಿದ್ದು ಆ ಸಿಗಾರನ್ನೋ, ಅವತ್ತಿನ ಅದೃಷ್ಟವನ್ನೋ?

ಇದನ್ನು ನಮ್ಮ ದೊಡ್ಡಪ್ಪನ ಮುಂದೆ ಹೇಳಿದೆ. ಅವರು ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ ಮಾಡಿದವರು. ಚಿತ್ರದುರ್ಗದ ಕಡೆ ಅಡಿಕೆ ಬಲ್ಲವರಿಗೆ ಆ ಊರು ಗೊತ್ತಿರುತ್ತೆ. ಚಿಕ್ಕವನಿದ್ದಾಗ ಅವರ ಜೊತೆ ಕೂತು ಎಷ್ಟೋ ಸಲ ನೋಡಿದ್ದೇನೆ. ಮೂಟೆ ಬಂದರೆ ಮೇಲಿನದನ್ನು ಮುಟ್ಟುವುದೇ ಇಲ್ಲ. ಮೊಣಕೈ ತನಕ ಕೈ ಇಳಿಸಿ ಒಳಗಿನಿಂದ ಒಂದು ಹಿಡಿ ತೆಗೆಯುತ್ತಾರೆ. ಅಂಗೈಯಲ್ಲಿ ಕುಲುಕಿ ಸದ್ದು ಕೇಳುತ್ತಾರೆ, ಆಮೇಲೆ ನಾಲ್ಕೈದು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ. ರಾಶಿಯೋ, ಬೆಟ್ಟೆಯೋ, ಅಪಿಯೋ, ಕೆಂಪುಗೋಟೋ, ಅಡಿಕೆಯ ಬಗೆ ಯಾವುದಾದರೂ ಸರಿ, ಅದೇ ಕ್ರಮ. ಅವರು ನನಗೆ ಹೇಳಿದ್ದು ಇಷ್ಟೇ: ಒಂದು ಅಡಿಕೆ ಕತ್ತರಿಸಿ ಮೂಟೆಗೆ ಬೆಲೆ ಕಟ್ಟುತ್ತಾರೇನಪ್ಪಾ?

ನಾನು ಮಾಡಿದ್ದು ಅದೇ ಆಗಿತ್ತು. 15 ಮೂಟೆಯಿಂದ ಒಂದೊಂದೇ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಿದ್ದೆ. ಇನ್ನು ಅಂಥ ಬಿಡಿ ಪೀಸುಗಳಲ್ಲಿ ಡಬ್ಬಿ ಕಣ್ಣಿಗೆ ಬೀಳುವುದಿಲ್ಲ, ಸೀಲು ಕಾಣುವುದಿಲ್ಲ, ಎಷ್ಟು ದಿನದಿಂದ ಅಂಗಡಿಯ ಒಣ ಗಾಜಿನ ಕಪಾಟಿನಲ್ಲಿತ್ತೋ ಕೇಳಿದರೂ ಉತ್ತರ ಇಲ್ಲ. ಹೆಸರಾಂತ ಕ್ಯೂಬನ್ ಸಿಗಾರುಗಳ ನಕಲಿ ಜಾಸ್ತಿ ಓಡಾಡುವುದೂ ಹೀಗೆ ಬಿಡಿಯಾಗಿ ಮಾರುವ ಕಡೆಯೇ.

ಎರಡನೇ ಖರೀದಿ ಅಕ್ಟೋಬರ್‌ನಲ್ಲಿ. ನಿಕರಾಗುವಾದ ಎಸ್ತೆಲಿಯಲ್ಲಿ ಸುತ್ತಿದ ಸಿಗಾರು, ಒಂದೇ ಬಗೆ, 5 ಪೀಸ್, ನನ್ನ ಎದುರೇ ಡಬ್ಬಿ ತೆರೆದು ಕೊಟ್ಟದ್ದು. ಕ್ಯೂಬಾದಲ್ಲಿ 1959ರ ಕ್ರಾಂತಿ ಆದ ಮೇಲೆ ಅಲ್ಲಿಂದ ಹೊರಟ ಎಷ್ಟೋ ತಂಬಾಕು ಬೆಳೆಗಾರರು ಬೀಜ ಮತ್ತು ಕೆಲಸ ಎರಡನ್ನೂ ಈ ಎಸ್ತೆಲಿ, ಹಲಾಪಾ ಕಣಿವೆಗಳಿಗೆ ತಂದರು. 1962ರಲ್ಲಿ ಅಮೆರಿಕ ಕ್ಯೂಬಾದ ಮಾಲಿಗೆ ಬಾಗಿಲು ಹಾಕಿದ ಮೇಲೆ ಇಂಥ ಕಡೆಯ ಸಿಗಾರಿಗೆ ಬೇಡಿಕೆ ಬಂತು. ಜ್ವಾಲಾಮುಖಿಯ ಕಪ್ಪು ಮಣ್ಣು, ಹಾಗಾಗಿ ರುಚಿ ಸ್ವಲ್ಪ ಖಾರ. ಅಳತೆ ಪೆಟಿಟ್ ಕರೋನಾ ಅನ್ನುವ ಚಿಕ್ಕದು. ಮಾಂಟೆಕ್ರಿಸ್ಟೊ ನಂಬರ್ 4 ಅನ್ನುವ ಕ್ಯೂಬನ್ ಸಿಗಾರು ನೋಡಿದವರಿಗೆ ಈ ಅಳತೆ ಗೊತ್ತು: 129 ಮಿಲಿಮೀಟರ್ ಉದ್ದ, 42 ರಿಂಗ್. ರಿಂಗ್ ಅಂದರೆ ಅಂಗುಲದ 64ರಲ್ಲಿ ಒಂದು ಭಾಗ, ಆದ್ದರಿಂದ 42 ಅಂದರೆ ಅಡ್ಡಳತೆ ಹೆಚ್ಚು ಕಡಿಮೆ ಹದಿನಾರೂವರೆ ಮಿಲಿಮೀಟರ್.

ಮೊದಲ ಪೀಸು ನನ್ನ ತಪ್ಪಿನಿಂದಲೇ ಹಾಳಾಯಿತು. ಅವತ್ತು ಸಂಜೆ ಮಿರ್ಚಿ ಮಂಡಕ್ಕಿ ತಿಂದು ನೇರ ಮಹಡಿಗೆ ಹೋಗಿದ್ದೆ. ಮೆಣಸಿನಕಾಯಿ ಹಿಡಿದ ನಾಲಿಗೆಗೆ ಎಲೆಯ ರುಚಿ ಹತ್ತುವುದೇ ಇಲ್ಲ. ಇದು 15ರಲ್ಲಿ ಒಂದಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಪುಟದಲ್ಲಿ ಸಪ್ಪೆ ಅಂತ ಬರೆದು ಮುಂದಿನದಕ್ಕೆ ಹೋಗುತ್ತಿದ್ದೆ. ಇಲ್ಲಿ ಇನ್ನೂ 4 ಉಳಿದಿದ್ದವು.

ಎರಡನೆಯದಕ್ಕೆ ಎರಡು ಗಂಟೆ ಮುಂಚೆ ಬೆಣ್ಣೆ ದೋಸೆ, ಆಮೇಲೆ ಬಾಯಿ ತೊಳೆದು ಸಕ್ಕರೆ ಇಲ್ಲದ ಕಾಫಿ. ತಲೆಯ ಟೋಪಿಯಂಥ ಭಾಗವನ್ನು ಎರಡು ಮಿಲಿಮೀಟರ್ ಮಾತ್ರ ಕತ್ತರಿಸಿದೆ. ಜಾಸ್ತಿ ಇಳಿದರೆ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲು ಒಂದು ಒಣ ಎಳೆತ: ಹುಲ್ಲು ಬಣವೆಯ ವಾಸನೆ, ಸ್ವಲ್ಪ ಒಣದ್ರಾಕ್ಷಿ. ಬೆಂಕಿಯನ್ನು ತಾಗಿಸದೆ ದೂರದಿಂದ ತುದಿಯನ್ನು ಸುಟ್ಟು, ಸುತ್ತಲೂ ಕೆಂಪಾದ ಮೇಲೆ ಎಳೆದೆ. ಮೊದಲ ಮೂರನೇ ಒಂದು ಭಾಗದಲ್ಲಿ ಕಾಳುಮೆಣಸು ಮುಂದೆ ನಿಂತಿತ್ತು. ನಡುವೆ ಅದು ಹಿಂದೆ ಸರಿದು ಹುರಿದ ಕಾಫಿ ಬೀಜದ ರುಚಿ ಬಂತು. ಕೊನೆಯ ಭಾಗದಲ್ಲಿ ನಾಲಿಗೆಯ ಎರಡು ಬದಿಗೆ ಬೆಲ್ಲದ ಪಾಕ ತಳ ಹಿಡಿದಾಗಿನ ಸಿಹಿ. ಬೂದಿ ಒಂದು ಅಂಗುಲ ಬೆಳೆದರೂ ಬೀಳಲಿಲ್ಲ. ಒಳಗೆ ತುದಿಯಿಂದ ತುದಿಗೆ ಇಡೀ ಎಲೆ ಇದ್ದರೆ ಬೂದಿ ಹೀಗೆ ನಿಲ್ಲುತ್ತದೆ. ಚೂರು ಎಲೆ ತುಂಬಿದ್ದು ಅರ್ಧ ಅಂಗುಲಕ್ಕೇ ಉದುರಿ ಪಂಚೆ ಮೇಲೆ ಬೀಳುತ್ತೆ.

ಮೂರನೆಯದರಲ್ಲಿ ಎಳೆತ ಸ್ವಲ್ಪ ಬಿಗಿ ಇತ್ತು, ಒಳ್ಳೆಯದರಲ್ಲೂ ಹೀಗಾಗುತ್ತೆ. ಆದರೆ ರುಚಿ ಎರಡನೆಯದರ ದಾರಿಯಲ್ಲೇ ಹೋಯಿತು. ಮೆಣಸು, ಕಾಫಿ, ಬೆಲ್ಲ, ಅದೇ ಕ್ರಮ. ಆಗಲೇ ನನಗೆ ಇದು ಅದೃಷ್ಟ ಅಲ್ಲ ಅಂತ ಧೈರ್ಯ ಬಂದದ್ದು. ನಾಲ್ಕನೆಯದನ್ನು ಬೇಕಂತಲೇ ನಿಧಾನ ಮಾಡಿದೆ, ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ಎಳೆಯಲಿಲ್ಲ, ಮುಕ್ಕಾಲು ಗಂಟೆ ಬಂತು, ಖಾರ ತಗ್ಗಿ ಸಿಹಿ ಬೇಗ ಕಾಣಿಸಿತು. ಅವಸರದಲ್ಲಿ ಎಳೆದರೆ ಕಾವು ಏರಿ ಯಾವ ಸಿಗಾರಾದರೂ ಕಹಿಯಾಗುತ್ತದೆ ಅಂತ ಓದಿದ್ದೆ. ಓದಿದ್ದು ಬೇರೆ, ಒಂದೇ ಎಲೆಯಲ್ಲಿ ಎರಡು ಥರ ಸೇದಿ ನಾಲಿಗೆಯಲ್ಲೇ ವ್ಯತ್ಯಾಸ ಹಿಡಿಯುವುದು ಬೇರೆ. 15 ಬಗೆ ಸೇದಿದ ಮೂರೂವರೆ ತಿಂಗಳಲ್ಲಿ ಈ ವಿಷಯ ನನಗೆ ಹತ್ತಿರಲಿಲ್ಲ, ಯಾಕಂದರೆ ಪ್ರತಿ ವಾರ ಸಿಗಾರೂ ಬೇರೆ, ಗಾಳಿಯೂ ಬೇರೆ, ನನ್ನ ಎಳೆತವೂ ಬೇರೆ ಇರುತ್ತಿತ್ತು.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಮೊದಲ ಸಲ ನಾನು ಇಟ್ಟ ರೀತಿಯೇ ಸರಿ ಇರಲಿಲ್ಲ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೆ. ಮಾರ್ಚ್‌ನ ಒಣ ಗಾಳಿಗೆ ಅವು ಒಣಗಿದ್ದು ನನ್ನಿಂದ. ಎರಡನೇ ಸಲ ಗಾಳಿಯಾಡದ ಊಟದ ಡಬ್ಬಿ, ಅದರಲ್ಲಿ ತೇವವನ್ನು 65 ಪರ್ಸೆಂಟಿಗೆ ಹಿಡಿದಿಡುವ ಬೊವೆಡಾ ಪೊಟ್ಟಣ, ಒಂದು ಪುಟ್ಟ ತೇವ ಮೀಟರ್. ಬೇರೆಯವರು 69 ಇಡುತ್ತಾರೆ. ನಮ್ಮ ಸೆಕೆಗೆ 65 ಸಾಕು, ಬೂಷ್ಟಿನ ಭಯ ಕಡಿಮೆ. ಹಾಗಾಗಿ ಅನುಮಾನ ಬೇಡ ಅಂತ ಮೂರನೇ ಸಲ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ನೋಡಿದೆ: 500ರ ಬಗೆಬಗೆಯ 6, 1,500ರ 2. ಫ್ರೀಜರ್ ದಾಟಿಸಿದ್ದರಿಂದ ಹುಳ ಬೀಳಲಿಲ್ಲ, ಹೊದಿಕೆ ಬಿರಿಯಲಿಲ್ಲ. ಆದರೂ ಆ 6ರಲ್ಲಿ 2ಕ್ಕೆ ಎಳೆತ ಇಲ್ಲ, 1ರಲ್ಲಿ ಅಮೋನಿಯಾ. ಸುತ್ತುವಾಗ, ಹುದುಗಿಸುವಾಗ ಆದ ತಪ್ಪನ್ನು ನನ್ನ ಡಬ್ಬಿ ಸರಿ ಮಾಡಲಾರದು.

ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತೆ ಅಂದರೆ ಇಲ್ಲಿಂದ. ನಮ್ಮ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬ್ಯಾರನ್ನಿನ (ಎಲೆ ಒಣಗಿಸುವ ಮನೆ) ಬಿಸಿಯಲ್ಲಿ ಕೆಲವೇ ದಿನದಲ್ಲಿ ಹದವಾಗಿ ಸಿಗರೇಟಿಗೆ ಹೋಗುತ್ತದೆ. ನಿಪ್ಪಾಣಿ ಕಡೆಯದು ಬೀಡಿಗೆ. ಸಿಗಾರಿನ ಎಲೆ ನೆರಳಲ್ಲಿ ಗಾಳಿಗೆ ಒಣಗಬೇಕು, ಆಮೇಲೆ ದೊಡ್ಡ ರಾಶಿಯಲ್ಲಿ ತನ್ನ ಬಿಸಿಯಲ್ಲೇ ತಿಂಗಳುಗಟ್ಟಲೆ ಹುದುಗಬೇಕು, ಮಧ್ಯೆ ಮಧ್ಯೆ ರಾಶಿ ಒಡೆದು ತಿರುವಿ ಹಾಕಬೇಕು. ಆ ಕಾಯುವಿಕೆಯಲ್ಲಿ ಉಳಿತಾಯ ಮಾಡಿದವರ ಸಿಗಾರು ಅಗ್ಗ ಆಗುತ್ತೆ, ಘಾಟೂ ಆಗುತ್ತೆ.

ತಗಡಿನ ಡಬ್ಬಿಯಲ್ಲಿ ಬರುವ ಮಷಿನ್ ಸಿಗಾರಿಲೊಗಳನ್ನೂ (ಪುಟ್ಟ ಸಿಗಾರು) ನೋಡಿದೆ. ತೇವ ಬೇಡ, ಹತ್ತು ನಿಮಿಷಕ್ಕೆ ಮುಗಿಯುತ್ತೆ, ವೆನಿಲಾ, ಚೆರ್ರಿ ಅಂತ ಬಗೆ ಬೇಕಾದಷ್ಟು. ಆ ರುಚಿ ಎಲೆಯದ್ದಲ್ಲ, ಮೇಲೆ ಹಾಕಿದ್ದು. ಈ ಹೋಲಿಕೆಗೆ ಅವು ಬರುವುದಿಲ್ಲ.

ಹಾಗಾದರೆ ಬಗೆಬಗೆ ಬೇಡವೇ ಬೇಡ ಅಂತೀರಾ ಅಂತ ನನ್ನ ಗೆಳೆಯ ಕೇಳಿದ. ಬೇಕು. ಆದರೆ ಒಳ್ಳೆಯದರ ಒಳಗೇ ಬಗೆ ಹುಡುಕಬೇಕು. ಮೊದಲು ಒಂದು ಎಲೆಯನ್ನು ಕನಿಷ್ಠ ಮೂರು ಸಲ ಸೇದಿ ಗುರುತು ಮಾಡಿಕೊಳ್ಳಿ. ಆಮೇಲೆ ಅದೇ ತಯಾರಕರ ಬೇರೆ ಅಳತೆ ನೋಡಿ, ಅಥವಾ ಅದೇ ಅಳತೆಯಲ್ಲಿ ಬೇರೆ ಹೊದಿಕೆ. ಒಂದೇ ಒಂದು ಬದಲಾವಣೆ ಆದಾಗ ಏನು ಬದಲಾಯಿತು ಅಂತ ನಾಲಿಗೆ ತಾನೇ ಹೇಳುತ್ತೆ. 7,500 ಇಲ್ಲ, 3,000 ಮಾತ್ರ ಇದೆ ಅನ್ನುವವರು 6 ಬಗೆ ತರುವ ಬದಲು ಒಂದೇ ಬಗೆಯ 2 ತಂದು ತಿಂಗಳಿಗೆ ಒಂದು ಸೇದಲಿ. ಸಂಖ್ಯೆ ಕಡಿಮೆಯಾದರೆ ದೇಹಕ್ಕೂ ಅಷ್ಟು ಕಡಿಮೆ ಪೆಟ್ಟು.

ಹೊಸಬರಿಗೆ ಇನ್ನೊಂದು: ಆಷಾಢದಲ್ಲಿ ಮಹಡಿ ಮೇಲೆ ಒಳ್ಳೆ ಪೀಸು ಹಚ್ಚಬೇಡಿ. ನಮ್ಮ ಕಡೆ ಆ ಗಾಳಿಗೆ ಒಂದು ಬದಿ ಮಾತ್ರ ಉರಿದು, ತಪ್ಪು ಸಿಗಾರಿನದ್ದು ಅಂತ ಅನಿಸಿಬಿಡುತ್ತೆ. ನಾನು ನೀರಿನ ಟ್ಯಾಂಕಿನ ಮರೆಗೆ ಕುರ್ಚಿ ಹಾಕಿಕೊಳ್ಳುತ್ತೇನೆ.

ಆ 5ರಲ್ಲಿ ಕೊನೆಯದನ್ನು ಸೇದದೆ ಇಟ್ಟಿದ್ದೇನೆ. ಅದರ ಪಕ್ಕದಲ್ಲಿ ಈಗ ಅದೇ ತಯಾರಕರ, ಅದೇ ಎಲೆಯ, ರೋಬಸ್ಟೊ ಅನ್ನುವ ಅಳತೆಯವು 2 ಬಂದಿವೆ, 50 ರಿಂಗಿನ ದಪ್ಪದವು. ದಪ್ಪ ಆದಾಗ ಹೊದಿಕೆಗಿಂತ ಒಳಗಿನ ಎಲೆಯ ಪಾಲು ಜಾಸ್ತಿ ಆಗುತ್ತೆ. ಮೆಣಸು ಕಡಿಮೆಯಾಗಿ ಕಾಫಿ ಮುಂದೆ ಬರಬಹುದು ಅಂತ ನನ್ನ ಊಹೆ. ಮೀಟರ್ 65ರಲ್ಲಿ ನಿಂತಿದೆ. ದೀಪಾವಳಿಯ ವಾರ ಮೊದಲು ತೆಳ್ಳನೆಯದು, ಮುಂದಿನ ವಾರ ದಪ್ಪನೆಯದು, ನೋಟ್‌ಬುಕ್ಕಿನಲ್ಲಿ ಎದುರುಬದುರು ಪುಟ ಬಿಟ್ಟಿದ್ದೇನೆ.