ವಾರಿಯರ್ಸ್ ತವರಿನ ಪಂದ್ಯಗಳು: ಯಾವ ಆಸನ, ಯಾವ ದಿನ, ಎಷ್ಟು ಸಾರ್ಥಕ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹಳ ಮಂದಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಪಂದ್ಯವನ್ನು ಟಿವಿಯಲ್ಲಿ ತಪ್ಪದೆ ನೋಡುತ್ತಾರೆ, ಆದರೆ ಕ್ರೀಡಾಂಗಣಕ್ಕೆ ಹೋಗುವುದು ಅಪರೂಪ. ಟಿಕೆಟ್ ದುಬಾರಿ ಎಂಬುದೇ ಸಾಮಾನ್ಯವಾಗಿ ಕೇಳಿಬರುವ ಕಾರಣ. ತಂಡ ಓಕ್‌ಲ್ಯಾಂಡ್‌ನಲ್ಲಿದ್ದ ಕಾಲದಿಂದಲೂ, ಗೆದ್ದ ವರ್ಷಗಳಲ್ಲಿ, ಸೋತ ವರ್ಷಗಳಲ್ಲಿ, ತವರಿನ ಪಂದ್ಯಗಳಿಗೆ ಬಿಡದೆ ಹೋಗುತ್ತಿರುವ ನನ್ನ ಅಭಿಪ್ರಾಯ ಇಷ್ಟು: ಈ ಆಟವನ್ನು ಪ್ರೀತಿಸುವವರಿಗೆ ಈ ಖರ್ಚು ಖಂಡಿತ ಸಾರ್ಥಕ, ಆದರೆ ಆಸನವನ್ನೂ ದಿನವನ್ನೂ ಯೋಚಿಸಿ ಆರಿಸಿಕೊಳ್ಳಬೇಕು.

ಮೊದಲಿಗೆ ಆಸನದ ವಿಚಾರ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ವಾರಿಯರ್ಸ್ ಆಟದ ಸೊಗಸು ಇರುವುದು ಚೆಂಡು ಇಲ್ಲದ ಕಡೆ. 2014ರಲ್ಲಿ ಸ್ಟೀವ್ ಕರ್ ಮುಖ್ಯ ತರಬೇತುದಾರರಾಗಿ ಬಂದಂದಿನಿಂದ ಈ ತಂಡ ನಿಂತಲ್ಲಿ ನಿಲ್ಲದೆ ಓಡಾಡುತ್ತಲೇ ದಾರಿ ಮಾಡಿಕೊಳ್ಳುವ ಆಟವನ್ನು ರೂಢಿಸಿಕೊಂಡಿದೆ. ಮೇಲಿನ ಅಂತಸ್ತಿನಲ್ಲಿ, ಅಂಗಣದ ಉದ್ದನೆಯ ಬದಿಯಲ್ಲಿ ಕುಳಿತರೆ ಅದು ಪೂರ್ತಿಯಾಗಿ ಕಾಣುತ್ತದೆ. ತಂಡದ ತಾರೆ ಸ್ಟೀಫನ್ ಕರಿ ಚೆಂಡನ್ನು ಸಹ ಆಟಗಾರ ಡ್ರೇಮಂಡ್ ಗ್ರೀನ್ ಕೈಗೆ ಕೊಟ್ಟು, ತನ್ನ ಕೆಲಸ ಮುಗಿಯಿತೆಂಬಂತೆ ಮೂಲೆಯ ಕಡೆಗೆ ನಡೆಯುತ್ತಾರೆ. ಎರಡು ಹೆಜ್ಜೆ ಇಟ್ಟವರೇ ಥಟ್ಟನೆ ತಿರುಗಿ, ಇನ್ನೊಬ್ಬ ಸಹ ಆಟಗಾರ ಒಡ್ಡಿದ ಸ್ಕ್ರೀನಿನ (ಎದುರಾಳಿಯ ದಾರಿಗೆ ಅಡ್ಡ ನಿಲ್ಲುವ ತಡೆ) ಪಕ್ಕದಿಂದ ನುಸುಳಿ ಓಡುತ್ತಾರೆ. ಮೂರು ಅಂಕದ ಹೊಡೆತಕ್ಕೆ ಹೆದರಿ ಎದುರಾಳಿಗಳಿಬ್ಬರು ಅವರ ಬೆನ್ನು ಹತ್ತುತ್ತಾರೆ. ಆ ಹೊತ್ತಿಗೆ ಸ್ಕ್ರೀನ್ ಒಡ್ಡಿದವನನ್ನು ಕಾಯುವವರೇ ಇಲ್ಲದೆ ಅವನು ಬುಟ್ಟಿಯ ಕೆಳಗೆ ಒಬ್ಬನೇ ನಿಂತಿರುತ್ತಾನೆ, ಗ್ರೀನ್ ಎಸೆದ ಚೆಂಡು ನೇರವಾಗಿ ಅವನ ಕೈ ಸೇರುತ್ತದೆ. ಮರುದಿನದ ಅಂಕಪಟ್ಟಿಯಲ್ಲಿ ಆ ಎರಡು ಅಂಕಗಳ ಎದುರು ಕರಿ ಹೆಸರು ಎಲ್ಲಿಯೂ ಇರುವುದಿಲ್ಲ. ಟಿವಿಯಲ್ಲಿ ಕಂಡಿದ್ದು ಕೊನೆಯ ಒಂದು ಕ್ಷಣ ಮಾತ್ರ. ಅದಕ್ಕೂ ಹಿಂದಿನ ಹತ್ತು ಹನ್ನೆರಡು ಸೆಕೆಂಡುಗಳ ಹೂಟವನ್ನು ನೋಡುವುದಕ್ಕಾಗಿಯೇ ನಾನು ದುಡ್ಡು ಕೊಟ್ಟು ಹೋಗುತ್ತೇನೆ.

ಹೀಗಾಗಿ ಕೆಳಗಿನ ಅಂತಸ್ತಿನಲ್ಲಿ ಬುಟ್ಟಿಯ ಹಿಂದಿರುವ ಆಸನಕ್ಕೆ ಹೆಚ್ಚು ಹಣ ಸುರಿಯುವುದಕ್ಕಿಂತ, ಮೇಲಿನ ಅಂತಸ್ತಿನ ನಡುಭಾಗದಲ್ಲಿ ಮುಂದಿನ ಸಾಲುಗಳನ್ನು ಹುಡುಕುವುದೇ ಉತ್ತಮ ಎಂಬುದು ನನ್ನ ದೃಢ ಅಭಿಪ್ರಾಯ. ಕೆಳಗೆ ಕುಳಿತಾಗಲೂ ಒಂದು ಲಾಭವಿದೆ ಎಂಬುದನ್ನು ಮರೆಯಬಾರದು: ಅಲ್ಲಿ ಆಟ ಕಿವಿಗೂ ಸಿಗುತ್ತದೆ. ಬೂಟುಗಳು ಮರದ ನೆಲಕ್ಕೆ ಉಜ್ಜುವ ಸದ್ದು, ಸ್ಕ್ರೀನ್ ಯಾವ ಬದಿಯಿಂದ ಬರುತ್ತಿದೆ ಎಂದು ಗ್ರೀನ್ ಬೆರಳು ತೋರಿಸಿ ಜೊತೆಯವರಿಗೆ ಕೂಗಿ ಹೇಳುವುದು, ತಪ್ಪು ಜಾಗದಲ್ಲಿ ನಿಂತ ಹೊಸ ಹುಡುಗನನ್ನು ಅಂಗಿ ಹಿಡಿದೆಳೆದು ಸರಿಯಾದ ಕಡೆಗೆ ನಿಲ್ಲಿಸುವುದು, ಇವೆಲ್ಲ ಹತ್ತಿರದಲ್ಲಿದ್ದರೆ ಮಾತ್ರ ತಿಳಿಯುತ್ತವೆ. ವಿಶೇಷ ಸಂದರ್ಭಕ್ಕೆಂದು ಒಮ್ಮೆ ಅಲ್ಲಿ ಕುಳಿತು ನೋಡಬಹುದು. ಋತುವಿಡೀ ಹೋಗುವವರಿಗೆ ಮೇಲಿನ ಅಂತಸ್ತೇ ಸರಿ.

ಪಂದ್ಯ ಏಳು ಗಂಟೆಗೆ ಎಂದಿದ್ದರೆ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಬೇಕು. ಕರಿ ಅವರ ಪೂರ್ವಾಭ್ಯಾಸವನ್ನು ನೋಡುವುದಕ್ಕೆ ಬೇರೆ ಟಿಕೆಟ್ ಇಟ್ಟಿದ್ದರೂ ಜನ ಕೊಳ್ಳುತ್ತಿದ್ದರೇನೋ ಎನ್ನುವಷ್ಟು ಅದು ಚೆನ್ನಾಗಿರುತ್ತದೆ. ಮೊದಲು ಎರಡೂ ಕೈಗಳಲ್ಲಿ ಎರಡು ಚೆಂಡುಗಳನ್ನು ಒಟ್ಟಿಗೆ ಪುಟಿಸುತ್ತಾರೆ. ಆಮೇಲೆ ಬುಟ್ಟಿಯ ತೀರ ಹತ್ತಿರದಿಂದ, ಎಡಗೈಯಿಂದಲೂ ಬಲಗೈಯಿಂದಲೂ, ಮಕ್ಕಳಿಗೆ ಹೇಳಿಕೊಡುವ ಸರಳ ಹೊಡೆತಗಳು. ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತ ಮೂರು ಅಂಕದ ಗೆರೆಯುದ್ದಕ್ಕೂ ಸುತ್ತಿ, ಕೊನೆಗೆ ಅಂಗಣದ ನಡುವಿನ ಲಾಂಛನದ ಹತ್ತಿರದಿಂದ ಎಸೆಯುತ್ತಾರೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಇತಿಹಾಸದಲ್ಲಿ 4000 ಮೂರು ಅಂಕದ ಬುಟ್ಟಿಗಳನ್ನು ಹಾಕಿದ ಮೊದಲ ಆಟಗಾರರು ಅವರು. ಆ ಗುರಿ ಮುಟ್ಟಿದ್ದು 2025ರ ಮಾರ್ಚ್ 13ರಂದು ಇದೇ ತವರಿನ ಅಂಗಣದಲ್ಲಿ. ಆ ಅಂಕಿಯ ಹಿಂದೆ ಎಷ್ಟು ಶ್ರಮವಿದೆ ಎಂಬುದು ಈ ಅಭ್ಯಾಸವನ್ನು ಕಂಡವರಿಗೆ ಅರ್ಥವಾಗುತ್ತದೆ. ಬ್ಯಾಸ್ಕೆಟ್‌ಬಾಲ್ ಕಲಿಯುತ್ತಿರುವ ಮಕ್ಕಳಿದ್ದರೆ ಇದೊಂದನ್ನಂತೂ ತಪ್ಪಿಸಬೇಡಿ.

ಓಕ್‌ಲ್ಯಾಂಡ್‌ನ ಒರಾಕಲ್ ಅರೀನಾ ಮತ್ತು ಈಗಿನ ಚೇಸ್ ಸೆಂಟರ್ ನಡುವಿನ ಹೋಲಿಕೆಯನ್ನು ಹಳಬರು ಇನ್ನೂ ಬಿಟ್ಟಿಲ್ಲ. 1966ರಲ್ಲಿ ಕಟ್ಟಿದ್ದ ಆ ಹಳೆಯ ಕಟ್ಟಡದಲ್ಲಿ 19,596 ಮಂದಿ ಕೂರಬಹುದಿತ್ತು. 2019ರಲ್ಲಿ ತೆರೆದ ಹೊಸದರಲ್ಲಿ 18,064 ಮಂದಿಗೆ ಮಾತ್ರ ಜಾಗ. ಹೊಸದರಲ್ಲಿ ಆಸನಗಳು ಹಿತವಾಗಿವೆ, ಪರದೆ ಬೃಹತ್ತಾಗಿದೆ, ಹೊರಗಿನ ಚೌಕದಲ್ಲಿ ಓಲಾಫರ್ ಎಲಿಯಾಸನ್ ಎಂಬ ಕಲಾವಿದರ ಐದು ಕನ್ನಡಿಗೋಳಗಳಿವೆ, ರಸ್ತೆ ದಾಟಿದರೆ ಕೊಲ್ಲಿಯ ನೀರು. ಆದರೆ ಓಕ್‌ಲ್ಯಾಂಡ್‌ನ ಬಾರ್ಟ್ ರೈಲು ನಿಲ್ದಾಣದಿಂದ ಕಾಲುಸೇತುವೆಯ ಮೇಲೆ ಕೂಗುತ್ತ ಹೋಗುತ್ತಿದ್ದ ಜನರಲ್ಲಿ ಅನೇಕರಿಗೆ ಸ್ಯಾನ್ ಫ್ರಾನ್ಸಿಸ್ಕೊದ ಬೆಲೆ ಎಟುಕಲಿಲ್ಲ. ಹೊಸ ಕಟ್ಟಡಕ್ಕೆ ಬರುವಾಗ ಋತುವಿನ ಟಿಕೆಟ್‌ಗೆ ಪ್ರತ್ಯೇಕ ಸದಸ್ಯತ್ವ ಶುಲ್ಕವನ್ನು ತಂದರು. ಆ ಮೊತ್ತ ಬಡ್ಡಿಯಿಲ್ಲದೆ 30 ವರ್ಷಗಳ ನಂತರ ಹಿಂದಿರುಗುತ್ತದೆ. ತಿಂಗಳ ಸಂಬಳದಲ್ಲಿ ಲೆಕ್ಕ ಹಾಕುವ ಕುಟುಂಬಕ್ಕೆ ಅಷ್ಟು ದೀರ್ಘ ಕಾಲ ಹಣ ಕಟ್ಟಿಡುವುದು ಕಷ್ಟ. ಇನ್ನು ನೆಲಮಟ್ಟದಲ್ಲಿ, ದುಬಾರಿ ಟಿಕೆಟಿನವರು ಹೋಗಿ ಕೂರಲೆಂದು, ಅಂಗಣವೇ ಕಾಣದ 32 ಲೌಂಜ್‌ಗಳಿವೆ. ಮಧ್ಯಂತರದ ನಂತರ ಅಂಗಣದಂಚಿನ ಕೆಲವು ದುಬಾರಿ ಆಸನಗಳು ಬಹಳ ಹೊತ್ತು ಖಾಲಿ ಉಳಿಯುವುದನ್ನು ಮೇಲಿನಿಂದ ನೋಡುವಾಗ ನನಗೆ ಬೇಸರವಾಗುತ್ತದೆ. ಕೂಗುವ ಜನ ಈಗಲೂ ಇದ್ದಾರೆ. ಅವರು ಕೂರುವುದು ಮೇಲೆ.

ಆ ಜನರ ನಿಜವಾದ ಗುಣ ತಿಳಿದಿದ್ದು ಸೋಲಿನ ವರ್ಷದಲ್ಲಿ. 2019-20ರ ಋತುವಿನಲ್ಲಿ, ಹೊಸ ಕಟ್ಟಡದ ಮೊದಲ ವರ್ಷವೇ, ಕರಿ ಎಡಗೈ ಮುರಿದುಕೊಂಡರು. ತಂಡದ ಇನ್ನೊಬ್ಬ ಪ್ರಮುಖ ಆಟಗಾರ ಕ್ಲೇ ಥಾಂಪ್ಸನ್ ಮೊಣಕಾಲಿನ ಗಾಯದಿಂದ ಒಂದು ಪಂದ್ಯವನ್ನೂ ಆಡಲಿಲ್ಲ. ಕೋವಿಡ್‌ನಿಂದ ಎಲ್ಲವೂ ನಿಲ್ಲುವ ಹೊತ್ತಿಗೆ ತಂಡ 15 ಗೆದ್ದು 50 ಸೋತಿತ್ತು. ಆ ಸಂಜೆಗಳಲ್ಲೂ ಹೆಸರೇ ಕೇಳಿರದ ಹುಡುಗರಿಗೆ ಚಪ್ಪಾಳೆ ತಟ್ಟಿದವರೇ 2022ರ ಜನವರಿ 9ರಂದು ಥಾಂಪ್ಸನ್ 941 ದಿನಗಳ ನಂತರ ಮರಳಿದಾಗ ಎದ್ದು ನಿಂತರು. ಅಂದು ಅವರ ಹೆಸರು ಕೂಗಿದಾಗ ಎದ್ದ ಗದ್ದಲದಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ, ಬುಟ್ಟಿಗೆ ಚೆಂಡನ್ನು ಅಪ್ಪಳಿಸಿದ ಅವರ ಡಂಕ್‌ಗಂತೂ ಕಟ್ಟಡವೇ ನಡುಗಿತು. ಅದೇ ವರ್ಷ ತಂಡ ಮತ್ತೆ ಚಾಂಪಿಯನ್ ಆಯಿತು. ಥಾಂಪ್ಸನ್ ಡಲ್ಲಾಸ್ ತಂಡ ಸೇರಿದ ಬಳಿಕ, 2024ರ ನವೆಂಬರ್ 12ರಂದು ಎದುರಾಳಿಯಾಗಿ ಮೊದಲ ಬಾರಿಗೆ ಬಂದಾಗ, ದೋಣಿ ನಡೆಸಿಕೊಂಡು ಪಂದ್ಯಕ್ಕೆ ಬರುತ್ತಿದ್ದ ಅವರ ನೆನಪಿಗೆ ಪ್ರೇಕ್ಷಕರಿಗೆಲ್ಲ ನಾವಿಕರ ಟೋಪಿ ಹಂಚಿದರು. ಬಿಟ್ಟುಹೋದ ಆಟಗಾರನನ್ನು ಹೀಗೆ ಬರಮಾಡಿಕೊಳ್ಳುವ ಪ್ರೇಕ್ಷಕರ ನಡುವೆ ಕೂರುವುದು ನನಗೆ ಹೆಮ್ಮೆಯ ವಿಷಯ.

ಟಿಕೆಟ್ ಕೊಳ್ಳುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ವರ್ಷಕ್ಕೆ ತವರಿನಲ್ಲಿ 41 ಲೀಗ್ ಪಂದ್ಯಗಳು ನಡೆಯುತ್ತವೆ, ಎಲ್ಲದರ ಬೆಲೆಯೂ ಒಂದೇ ಅಲ್ಲ. ಲಾಸ್ ಏಂಜಲೀಸ್‌ನ ಜನಪ್ರಿಯ ಲೇಕರ್ಸ್ ತಂಡ ಬರುವ ಶನಿವಾರಕ್ಕೂ, ನವೆಂಬರ್ ಅಥವಾ ಡಿಸೆಂಬರಿನ ಮಂಗಳವಾರದ ಸಾಮಾನ್ಯ ಪಂದ್ಯಕ್ಕೂ ಅಜಗಜಾಂತರ. ಮರುಮಾರಾಟದ ಟಿಕೆಟ್‌ಗಳು ಪಂದ್ಯದ ದಿನ ಮಧ್ಯಾಹ್ನದ ಮೇಲೆ ಸಾಮಾನ್ಯವಾಗಿ ಇಳಿಯುತ್ತವೆ. ಒಂದು ಮರುಮಾರಾಟ ತಾಣದಲ್ಲಿ ನೋಟಕ್ಕೆ ಅಡ್ಡಿಯಿಲ್ಲ ಎಂದು ಬರೆದಿದ್ದ ಆಸನದ ಮುಂದೆ ಕಂಬಿ ಅಡ್ಡವಾಗಿತ್ತು, ದೂರು ಕೊಟ್ಟರೂ ಹಣ ಹಿಂದಿರುಗಲಿಲ್ಲ. ಆದ್ದರಿಂದ ಆ ವಿಭಾಗದಿಂದ ತೆಗೆದ ಚಿತ್ರವನ್ನು ನೋಡದೆ ಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾನೂನಿನಿಂದ ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿಯೇ ಬೆಲೆ ತೋರಿಸಬೇಕಾಗಿದೆ, ಇದು ನಿಜಕ್ಕೂ ಉಪಕಾರವಾಗಿದೆ. ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುವ ಪದ್ಧತಿಯ ಬಗ್ಗೆ ನನಗೆ ತಕರಾರಿದೆ: ದೂರದಿಂದ ಮಕ್ಕಳನ್ನು ಕರೆತಂದ ತಂದೆತಾಯಿಯರು ನೆಚ್ಚಿನ ಆಟಗಾರ ಬೆಂಚಿನ ಮೇಲೆ ಸಾಮಾನ್ಯ ಉಡುಪಿನಲ್ಲಿ ಕುಳಿತಿರುವುದನ್ನು ನೋಡಿ ಹೋಗಬೇಕಾಗುತ್ತದೆ. ಎನ್‌ಬಿಎ ನಿಯಮದ ಪ್ರಕಾರ ತಂಡಗಳು ಸಾಮಾನ್ಯವಾಗಿ ಹಿಂದಿನ ದಿನ ಸಂಜೆ ಐದರೊಳಗೆ ಗಾಯಾಳುಗಳ ಪಟ್ಟಿಯನ್ನು ಪ್ರಕಟಿಸಬೇಕು. ಸಾಲಾಗಿ ಎರಡು ದಿನ ಪಂದ್ಯವಿದ್ದರೆ ಎರಡನೆಯ ದಿನದ ಪಂದ್ಯವನ್ನು ಆರಿಸದಿರುವುದು, ಪಟ್ಟಿ ನೋಡಿಯೇ ಕೊಳ್ಳುವುದು ಕ್ಷೇಮ.

ಪ್ರಯಾಣಕ್ಕೆ ಕಾರು ಬೇಡವೇ ಬೇಡ. ಕಟ್ಟಡದಲ್ಲಿ ವಾಹನ ನಿಲುಗಡೆ ಕಡಿಮೆ, ಪಕ್ಕದಲ್ಲೇ ಆಸ್ಪತ್ರೆ ಇರುವುದರಿಂದ ದಟ್ಟಣೆ ಹೆಚ್ಚು. ಫ್ರೀಮಾಂಟ್ ಕಡೆಯವರು ಬಾರ್ಟ್‌ನಲ್ಲಿ ಪೊವೆಲ್ ನಿಲ್ದಾಣಕ್ಕೆ ಬಂದು, ಹೊರಗೆ ಹೋಗದೆ ನೆಲದಡಿಯಲ್ಲೇ ನಡೆದು, ನಗರ ಸಾರಿಗೆಯಾದ ಮ್ಯುನಿಯ ಟಿ ಮಾರ್ಗದ ರೈಲು ಹಿಡಿದರೆ ಕ್ರೀಡಾಂಗಣದ ಎದುರಿಗೇ ಇಳಿಯಬಹುದು. ಪಂದ್ಯದ ಟಿಕೆಟ್ಟೇ ಆ ದಿನದ ಮ್ಯುನಿ ಟಿಕೆಟ್ ಕೂಡ ಆಗುತ್ತದೆ. ಸನ್ನಿವೇಲ್, ಮೌಂಟನ್ ವ್ಯೂ ಕಡೆಯವರಿಗೆ ಕ್ಯಾಲ್‌ಟ್ರೇನ್ ಸುಲಭ. ಕೊನೆಯ ನಿಲ್ದಾಣದಿಂದ ನಡೆದೇ ಹೋಗಬಹುದು. ವಾಪಸು ಬರುವ ರೈಲಿನ ವೇಳೆಯನ್ನು ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ, ಪಂದ್ಯ ಹೆಚ್ಚುವರಿ ಅವಧಿಗೆ ಹೋದರೆ ಓಡಬೇಕಾಗುತ್ತದೆ. ಊಟದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಸಸ್ಯಾಹಾರಿಗಳು ಮೊದಲೇ ತಿಂದು ಹೋಗುವುದು ಒಳಿತು.

ಇನ್ನು ಅದೇ ಅಂಗಣದ ಹೊಸ ತಂಡದ ಬಗ್ಗೆ ಹೇಳಲೇಬೇಕು. 2025ರಲ್ಲಿ ಆರಂಭವಾದ ಮಹಿಳಾ ತಂಡ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ತನ್ನ ಮೊದಲ ಋತುವಿನಲ್ಲಿ ತವರಿನ 22 ಲೀಗ್ ಪಂದ್ಯಗಳಿಗೂ 18,064 ಆಸನಗಳನ್ನು ತುಂಬಿಸಿತು, ಮಹಿಳಾ ಲೀಗಿನ ಹೊಸ ತಂಡವೊಂದು ಮೊದಲ ವರ್ಷವೇ ಪ್ಲೇಆಫ್ ತಲುಪಿದ್ದು ಅದೇ ಮೊದಲು. ಪ್ಲೇಆಫ್‌ನ ತವರಿನ ಪಂದ್ಯದ ವೇಳೆಗೆ ಚೇಸ್ ಸೆಂಟರ್ ಲೇವರ್ ಕಪ್ ಟೆನಿಸ್‌ಗೆ ಮೀಸಲಾಗಿದ್ದರಿಂದ ಅದನ್ನು ಸ್ಯಾನ್ ಹೋಸೆಯಲ್ಲಿ ಆಡಿ, ತಂಡ ಒಂದೇ ಅಂಕದಿಂದ ಸೋತಿತು. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಬ್ಯಾಸ್ಕೆಟ್‌ಬಾಲ್ ಏಷ್ಯಾ ಕಪ್‌ನ ಬಿ ವಿಭಾಗವನ್ನು ಭಾರತ ಗೆದ್ದಾಗ ಹಿಗ್ಗಿದ್ದ ನಮ್ಮಂಥವರಿಗೆ, ಹದಿನೆಂಟು ಸಾವಿರ ಜನ ಹೆಣ್ಣುಮಕ್ಕಳ ಆಟಕ್ಕೆಂದೇ ಬಂದು ಕೂರುವುದನ್ನು ಕಾಣುವುದು ದೊಡ್ಡ ಸಂತೋಷ. ಕೂಗಾಟದಲ್ಲಿ ಒರಾಕಲ್ ಅರೀನಾದ ದಿನಗಳು ಮರಳಿ ಬಂದಂತಿವೆ ಎಂದು ನನ್ನೊಡನೆ ಬಂದ ಹಳಬರೂ ಒಪ್ಪುತ್ತಾರೆ.

ಈ ಪಂದ್ಯಗಳು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇರುತ್ತವೆ. ಊರಿನಿಂದ ಅಪ್ಪ ಅಮ್ಮ ಬರುವುದೂ ಹೆಚ್ಚಾಗಿ ಇದೇ ತಿಂಗಳುಗಳಲ್ಲಿ, ವಾರಿಯರ್ಸ್ ತಂಡಕ್ಕೆ ರಜೆ ಇರುವಾಗ. ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದೊಂದೂ ಇಲ್ಲಿ 12 ನಿಮಿಷದ ಬದಲು 10 ನಿಮಿಷ, ಆದ್ದರಿಂದ ಹಿರಿಯರೂ ಮಕ್ಕಳೂ ದಣಿಯುವ ಮುನ್ನ ಮನೆ ಸೇರಬಹುದು. ಮೇಲಿನ ಅಂತಸ್ತಿನ ಮೆಟ್ಟಿಲುಗಳು ಕಡಿದಾಗಿವೆ. ಮಂಡಿನೋವು ಇರುವವರಿದ್ದರೆ ಲಿಫ್ಟಿನಿಂದ ಇಳಿದ ಮಟ್ಟದಲ್ಲೇ ಇರುವ, ಮೆಟ್ಟಿಲು ಹತ್ತಿ ಇಳಿಯಬೇಕಿಲ್ಲದ ಆಸನವನ್ನು ಕೇಳಿ ತೆಗೆದುಕೊಳ್ಳಿ.